ಒಂದು ವಚನ, ಅದರ ಅಕ್ಕಪಕ್ಕ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸುತ್ತಿನವು. ಬೈಬಲ್ ಓದುತ್ತೇವೆ, ಆದರೆ ದಿನದ ಬದುಕಿಗೆ ಧೈರ್ಯ ಸಿಗುತ್ತಿಲ್ಲ. ಸಿಕ್ಕರೂ ಸಂಜೆಯವರೆಗೆ ಉಳಿಯುತ್ತಿಲ್ಲ ಎಂಬ ಅಳಲು. ಪತ್ರಗಳನ್ನು ಚಿಕ್ಕದು ಮಾಡಿ, ಬರೆದವರ ಗುರುತು ತೆಗೆದು ಕೊಟ್ಟಿದ್ದೇವೆ. ವಚನಗಳ ಸಾರ ಮಾತ್ರ ಇಲ್ಲಿದೆ, ಹಾಗಾಗಿ ಓದುವಾಗ ಬೈಬಲ್ ಪಕ್ಕದಲ್ಲೇ ತೆರೆದಿರಲಿ.

ಪ್ರಶ್ನೆ: ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡು ಯೆರೆಮೀಯ 29:11. ನನ್ನ ಬಗ್ಗೆ ದೇವರ ಯೋಚನೆ ಹಿತದ್ದೇ, ಕೇಡಿನದಲ್ಲ ಎಂದು ನಂಬಿ ಕಾದೆ. ವರ್ಷ ಮುಗಿಯುತ್ತಾ ಬಂತು, ಕೆಲಸ ಸಿಗಲಿಲ್ಲ. ವಾಗ್ದಾನ ಸುಳ್ಳಾಯಿತೇ?

ಸುಳ್ಳಾಗಿಲ್ಲ. ಆದರೆ ಕಾರ್ಡಿನಲ್ಲಿ ಅಚ್ಚಾದದ್ದು ಒಂದು ಕಾಗದದ ನಡುವಿನ ಒಂದೇ ಸಾಲು. ಯಾರದೋ ಪತ್ರದಿಂದ ಒಂದು ಸಾಲು ಕತ್ತರಿಸಿ ಕೈಗಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ ಆಗಿದೆ.

29ನೇ ಅಧ್ಯಾಯ ನಿಜವಾಗಿಯೂ ಪತ್ರವೇ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದ ಜನರಿಗೆ ಪ್ರವಾದಿ ಯೆರೆಮೀಯನು ಬರೆದದ್ದು. ಅದಕ್ಕಿಂತ ಹಿಂದಿನ ಅಧ್ಯಾಯ ಓದಿ: ಹನನ್ಯನೆಂಬವನು ಎದ್ದು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಎಂದು ಸಾರುತ್ತಾನೆ. ಜನಕ್ಕೆ ಬೇಕಿದ್ದ ಮಾತೂ ಅದೇ. ಯೆರೆಮೀಯನ ಪತ್ರ ಅದಕ್ಕೆ ತಣ್ಣೀರು ಎರಚುತ್ತದೆ. 5ರಿಂದ 7ನೇ ವಚನದವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ಮಾಡಿಸಿ, ನಿಮ್ಮನ್ನು ಸೆರೆ ಒಯ್ದ ಆ ಊರಿಗಾಗಿಯೇ ಪ್ರಾರ್ಥಿಸಿ ಎಂದಿದೆ. 10ನೇ ವಚನದಲ್ಲಿ ಅವಧಿಯೂ ಇದೆ: 70 ವರ್ಷ. ನಿಮ್ಮ ಕಾರ್ಡಿನ ವಚನ ಬರುವುದು ಇದಾದ ಮೇಲೆ. ಆ ಪತ್ರವನ್ನು ಕೈಯಲ್ಲಿ ಹಿಡಿದು ಓದಿದ ಮುದುಕರಲ್ಲಿ ಹೆಚ್ಚಿನವರು ಮರಳಿ ಊರು ಕಂಡಿರಲಾರರು.

ಇನ್ನೊಂದು ವಿಷಯ ಕನ್ನಡ ಓದುಗರಿಗೆ ಸುಲಭವಾಗಿ ತಿಳಿಯುವಂಥದ್ದು, ಆದರೂ ಕಣ್ಣು ತಪ್ಪುತ್ತದೆ. ನಾವು ಒಬ್ಬರನ್ನೇ ಗೌರವದಿಂದ ‘ನೀವು’ ಎನ್ನುತ್ತೇವೆ. ಬೈಬಲಿನಲ್ಲಿ ದೇವರು ಒಬ್ಬ ವ್ಯಕ್ತಿಯೊಡನೆ ಮಾತಾಡಿದರೆ ‘ನೀನು’. ‘ನಿಮ್ಮ’ ಎಂದರೆ ಅಲ್ಲಿ ಹಲವರು. ಈ ವಚನದ ‘ನಿಮ್ಮ’ ಇಬ್ರಿಯ ಮೂಲದಲ್ಲೂ ಬಹುವಚನ. ಮಾತು ಇಡೀ ಸಮುದಾಯಕ್ಕೆ, ತಲೆಮಾರು ದಾಟುವ ಲೆಕ್ಕದಲ್ಲಿ.

ಹಾಗಾದರೆ ನಿಮಗೆ ಇದರಲ್ಲಿ ಏನೂ ಇಲ್ಲವೇ? ಇದೆ, ಕಾರ್ಡಿಗಿಂತ ಹೆಚ್ಚೇ ಇದೆ. ಬೇಡದ ಜಾಗದಲ್ಲಿ, ಬೇಡದ ಕಾಲದಲ್ಲಿ ಸಿಕ್ಕಿಕೊಂಡಿರುವಾಗಲೂ ದೇವರು ಕೈಬಿಟ್ಟಿಲ್ಲ ಎಂಬುದು ಒಂದು. ಅಲ್ಲಿಯವರೆಗೆ ತೋಟ ಹಾಕು ಎಂಬುದು ಇನ್ನೊಂದು. ಕೆಲಸಕ್ಕೆ ಕಾಯುವವರಿಗೆ 5ನೇ ವಚನ 11ಕ್ಕಿಂತ ಹತ್ತಿರದ್ದು ಎಂಬುದು ನಮ್ಮ ಅಭಿಪ್ರಾಯ. ಕಾಯುವ ತಿಂಗಳುಗಳಲ್ಲಿ ಒಂದು ಕಸುಬು ಕಲಿಯುವುದು, ಸಿಕ್ಕಿದ ಸಣ್ಣ ಕೆಲಸವನ್ನು ಕೀಳೆನ್ನದೆ ಮಾಡುವುದು, ಪಕ್ಕದ ಮನೆಯವರ ಕಷ್ಟಕ್ಕೆ ಕೈ ಜೋಡಿಸುವುದು ಈ ಪತ್ರಕ್ಕೆ ಕೊಡುವ ನೇರ ಉತ್ತರ.

ಮುಂದೆ ಯಾವ ವಾಗ್ದಾನದ ಕಾರ್ಡು ಸಿಕ್ಕಿದರೂ, ಅದರ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದದೆ ಗೋಡೆಗೆ ಅಂಟಿಸಬೇಡಿ. ಓದುವಾಗ ಮೂರು ಕೇಳಿ: ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಇದನ್ನು ಹೇಳುವ ಮೊದಲು ಏನಾಗಿತ್ತು. ಐದು ನಿಮಿಷದ ಕೆಲಸ.

ಪ್ರಶ್ನೆ: ಹೊಸ ಅಂಗಡಿ ತೆರೆಯುತ್ತಿದ್ದೇವೆ. ಗೋಡೆಗೆ ಯೋಬ 8:7 ಬರೆಸಬೇಕೆಂದಿದ್ದೇವೆ. ಮೊದಲು ಅಲ್ಪವಾದರೂ ಕಡೆಗೆ ಬಹಳ ಹೆಚ್ಚುವುದು ಎಂಬ ವಚನ. ಸರಿಯೇ?

ಬರೆಸುವ ಮೊದಲು ಯಾರ ಮಾತು ನೋಡಿ. ಇದು ದೇವರ ಮಾತಲ್ಲ, ಯೋಬನನ್ನು ಸಂತೈಸಲು ಬಂದ ಸ್ನೇಹಿತರಲ್ಲಿ ಒಬ್ಬನಾದ ಬಿಲ್ದದನದು. ಮೂರು ವಚನ ಹಿಂದೆ, 8:4ರಲ್ಲಿ, ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದ ಯೋಬನಿಗೆ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೆ ಸತ್ತರು ಎಂಬ ಅರ್ಥದ ಮಾತನ್ನು ಅದೇ ಬಾಯಿ ಆಡಿದೆ. ಪುಸ್ತಕದ ಕೊನೆಯಲ್ಲಿ (42:7) ದೇವರು ಎಲೀಫಜನಿಗೂ ಅವನ ಇಬ್ಬರು ಸ್ನೇಹಿತರಿಗೂ (ಅವರಲ್ಲಿ ಬಿಲ್ದದನೂ ಒಬ್ಬ), ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಸಿಟ್ಟಾಗುತ್ತಾನೆ. ಯೋಬನ ಕಡೆಯ ಸ್ಥಿತಿ ನಿಜಕ್ಕೂ ಮೊದಲಿಗಿಂತ ಚೆನ್ನಾಯಿತು (42:12), ಆದರೆ ಬಿಲ್ದದನ ಲೆಕ್ಕಾಚಾರದ ದಾರಿಯಲ್ಲಲ್ಲ. ಗೋಡೆಗೆ ಜೆಕರ್ಯ 4:10 ಆಗಬಹುದು. ಪಾಳುಬಿದ್ದ ದೇವಾಲಯವನ್ನು ಮತ್ತೆ ಕಟ್ಟುತ್ತಿದ್ದ ಜೆರುಬ್ಬಾಬೆಲನ ಕಾಲದಲ್ಲಿ, ಅಲ್ಪ ಆರಂಭದ ದಿನವನ್ನು ಯಾರು ಹೀನೈಸಿದರು ಎಂದು ಕೇಳುವ ವಚನ ಅದು. ಅಂಗಡಿಗೆ ಇದಕ್ಕಿಂತ ಒಳ್ಳೆಯದು ಬೇಕಿದ್ದರೆ, ತಕ್ಕಡಿಯ ಮೇಲ್ಗಡೆ ಜ್ಞಾನೋಕ್ತಿ 11:1 ಬರೆಸಿ. ಸುಳ್ಳು ತಕ್ಕಡಿಯ ಬಗ್ಗೆ ಅದು ಏನು ಹೇಳುತ್ತದೆಂದು ಗಿರಾಕಿಗಳೂ ಓದಲಿ.

ಪ್ರಶ್ನೆ: ಜನವರಿಯಲ್ಲಿ ಆದಿಕಾಂಡದಿಂದ ಶುರು ಮಾಡುತ್ತೇನೆ. ಫೆಬ್ರವರಿಗೆ ನಿಂತುಹೋಗುತ್ತದೆ. ನಾಲ್ಕು ವರ್ಷದಿಂದ ಇದೇ ಕತೆ. ಬೆಳಿಗ್ಗೆ ನನಗೆ ಸಿಗುವುದು ಇಪ್ಪತ್ತು ನಿಮಿಷ. ಏನು ಮಾಡಲಿ?

ನೀವು ಎಲ್ಲಿ ನಿಲ್ಲುತ್ತೀರಿ ಎಂದು ಊಹಿಸಬಲ್ಲೆವು: ವಿಮೋಚನಕಾಂಡ 25ರ ಆಸುಪಾಸು. ಅಲ್ಲಿಯವರೆಗೆ ಕತೆ ಓಡುತ್ತಿರುತ್ತದೆ. ಆಮೇಲೆ ಗುಡಾರದ ಅಳತೆ, ಪರದೆ, ಕೊಂಡಿ. ಅದನ್ನು ದಾಟಿದರೆ ಯಾಜಕಕಾಂಡದ ಯಜ್ಞಗಳ ನಿಯಮ. ಬೆಳಗಿನ ಇಪ್ಪತ್ತು ನಿಮಿಷದಲ್ಲಿ ಧೈರ್ಯ ಹುಡುಕುವವರಿಗೆ ಅದು ಏರುದಾರಿ. ತಪ್ಪು ನಿಮ್ಮ ಭಕ್ತಿಯದಲ್ಲ, ಹಾಕಿಕೊಂಡ ಲೆಕ್ಕದ್ದು.

66 ಪುಸ್ತಕಗಳ ಬೈಬಲಿನಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕೆಂದರೆ ವಾರದಲ್ಲಿ ಆರು ದಿನ ಮೂರು ಮೂರು, ಭಾನುವಾರ ಐದು. ಇಪ್ಪತ್ತು ನಿಮಿಷದಲ್ಲಿ ಮೂರು ಅಧ್ಯಾಯ ಕಣ್ಣಾಡಿಸಬಹುದು, ಅಗಿಯಲು ಆಗದು. ಹೊಸ ಒಡಂಬಡಿಕೆ ಮಾತ್ರವಾದರೆ 260 ಅಧ್ಯಾಯ: ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ವಾರದಲ್ಲಿ ಎರಡು ದಿನ ಖಾಲಿ ಉಳಿಯುತ್ತದೆ. ತಪ್ಪಿಹೋದದ್ದನ್ನು ತುಂಬಿಕೊಳ್ಳಲು ಆ ಎರಡು ದಿನ ಇರಲೇಬೇಕು. ಯೋಜನೆಗಳು ಮುರಿಯುವುದು ಒಂದು ದಿನ ತಪ್ಪಿದ್ದಕ್ಕಲ್ಲ. ತಪ್ಪಿದ ಮರುದಿನ ಆರು ಅಧ್ಯಾಯ ತಲೆಯ ಮೇಲೆ ಕೂರುತ್ತದಲ್ಲ, ಅದಕ್ಕೆ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಮೂರು ವಾರದ ಚಿಲ್ಲರೆ. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕೇ ಅಧ್ಯಾಯ. ಜೊತೆಗೆ ದಿನಕ್ಕೊಂದು ಕೀರ್ತನೆ. ಇಪ್ಪತ್ತು ನಿಮಿಷವನ್ನು ಹೀಗೆ ಹಂಚಿಕೊಳ್ಳಿ: ಮೊದಲ ಎಂಟು ನಿಮಿಷ ಅಧ್ಯಾಯವನ್ನು ಬಾಯಿಬಿಟ್ಟು ಓದಿ, ಕಣ್ಣಲ್ಲಲ್ಲ. ಬಾಯಿಬಿಟ್ಟು ಓದಿದರೆ ಮನಸ್ಸು ಅಡುಗೆಮನೆಗೋ ಆಫೀಸಿಗೋ ಓಡುವುದು ಕಡಿಮೆ. ಐದು ನಿಮಿಷ, ಮತ್ತೆ ಅದೇ ಭಾಗದಲ್ಲಿ ತಡೆದು ನಿಲ್ಲಿಸಿದ ಎರಡು ಮೂರು ವಚನಕ್ಕೆ ಹೋಗಿ. ಹಿತವಾದದ್ದಷ್ಟೇ ಅಲ್ಲ, ಕಿರಿಕಿರಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ಎರಡು ನಿಮಿಷದಲ್ಲಿ ನೋಟ್‌ಬುಕ್ಕಿನಲ್ಲಿ ಎರಡು ಸಾಲು: ದೇವರ ಬಗ್ಗೆ ಇಲ್ಲಿ ಏನು ತಿಳಿಯಿತು, ಇವತ್ತು ಸಂಜೆಯೊಳಗೆ ನಾನು ಏನು ಮಾಡಬೇಕು. ಉಳಿದದ್ದು ಪ್ರಾರ್ಥನೆಗೆ, ಓದಿದ ಮಾತುಗಳನ್ನೇ ಹಿಡಿದು.

ಎರಡನೇ ಸಾಲು ಬರೆಯುವಾಗ ಹುಷಾರು. ‘ಇನ್ನು ಮುಂದೆ ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದು ಬರೆದರೆ ಅದು ಆಗುವ ಕೆಲಸವಲ್ಲ. ‘ಮಧ್ಯಾಹ್ನ ತಮ್ಮನಿಗೆ ಫೋನ್ ಮಾಡಿ ಹಣದ ವಿಷಯ ಮಾತಾಡುತ್ತೇನೆ’ ಎಂದು ಬರೆದರೆ ಸಂಜೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬಹುದು. ಬೆಳಗಿನ ಧೈರ್ಯ ಸಂಜೆಗೆ ಉಳಿಯುವುದಿಲ್ಲ ಎಂದು ಬರೆದ ಹಲವರಿಗೂ ಇದೇ ಉತ್ತರ. ಮಾಡಲು ಒಂದು ಕೆಲಸವಿಲ್ಲದ ವಚನ ಹತ್ತು ಗಂಟೆಯೊಳಗೆ ಮರೆತುಹೋಗುತ್ತದೆ. ಯಾಕೋಬ 1:23–24 ಕನ್ನಡಿಯಲ್ಲಿ ಮುಖ ನೋಡಿ ಮರೆತವನ ಹೋಲಿಕೆ ಕೊಡುವುದು ಇದಕ್ಕೇ.

ಆದಿಕಾಂಡ, ಯಾಜಕಕಾಂಡ ಬಿಡಬೇಕೆಂದಲ್ಲ. ಎರಡನೇ ವರ್ಷಕ್ಕೆ ಇಡಿ, ಯಾರಾದರೂ ಬಲ್ಲವರ ಜೊತೆ ಕೂತು ಓದಿ.

ಪ್ರಶ್ನೆ: ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವನ್ನೇ ಆ ದಿನದ ಮಾತೆಂದು ತೆಗೆದುಕೊಳ್ಳಬಹುದೇ?

ದಪ್ಪ ಪುಸ್ತಕ ಸಾಮಾನ್ಯವಾಗಿ ನಡುಮಧ್ಯಕ್ಕೋ ಪದೇಪದೇ ತೆರೆದ ಪುಟಕ್ಕೋ ತೆರೆದುಕೊಳ್ಳುತ್ತದೆ. ಬೈಬಲಿನ ನಡುಮಧ್ಯದ ಆಸುಪಾಸಿನಲ್ಲಿ ಕೀರ್ತನೆಗಳಿವೆ, ಆದ್ದರಿಂದ ಹಿತವಾದ ಮಾತು ಸಿಗುತ್ತದೆ. ಇದು ಪುಸ್ತಕದ ಹೊಲಿಗೆಯ ಗುಣ. ಯೂದನ ಜಾಗಕ್ಕೆ ಇನ್ನೊಬ್ಬನನ್ನು ಆರಿಸಲು ಅಪೊಸ್ತಲರು ಚೀಟು ಹಾಕಿದರಲ್ಲ (ಕೃತ್ಯಗಳು 1:26) ಎನ್ನುವವರಿಗೆ ಒಂದು ಮಾತು: ಅದಕ್ಕೆ ಮೊದಲು ಅರ್ಹತೆ ನೋಡಿ ಇಬ್ಬರನ್ನು ಆರಿಸಿ, ಪ್ರಾರ್ಥಿಸಿದ್ದರು. ಪವಿತ್ರಾತ್ಮನು ಇಳಿದು ಬಂದ ಎರಡನೇ ಅಧ್ಯಾಯದ ನಂತರ ಹೀಗೆ ಚೀಟು ಹಾಕಿ ತೀರ್ಮಾನಿಸಿದ್ದು ಹೊಸ ಒಡಂಬಡಿಕೆಯಲ್ಲಿ ಮತ್ತೆ ಕಾಣುವುದಿಲ್ಲ.

ಪ್ರಶ್ನೆ: ತಿಂಗಳುಗಳಿಂದ ಮನಸ್ಸು ಒಣಗಿದೆ. ಸ್ತುತಿಯ ವಚನ ಓದಿದರೆ ಸುಳ್ಳು ಹೇಳಿದಂತಾಗುತ್ತದೆ. ದೇವರ ಮುಂದೆ ದೂರು ಹೇಳುವುದು ಅವಿಶ್ವಾಸವೇ?

150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ದೂರಿನ, ಅಳಲಿನ ಕೀರ್ತನೆಗಳೇ. ಅವಿಶ್ವಾಸವಾಗಿದ್ದರೆ ಅವನ್ನು ಆರಾಧನೆಯ ಹಾಡುಗಳ ನಡುವೆ ಪೋಣಿಸುತ್ತಿರಲಿಲ್ಲ.

13ನೇ ಕೀರ್ತನೆ ತೆರೆಯಿರಿ. ಆರೇ ವಚನ. ಮೊದಲ ಎರಡು ವಚನದಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ಮೂಲದಲ್ಲಿ ನಾಲ್ಕು ಸಲ ಬರುತ್ತದೆ. ದೇವರೇ, ಮರೆತುಬಿಟ್ಟೆಯಾ, ಮುಖ ಮರೆಮಾಡಿಕೊಂಡೆಯಾ ಎಂದು ಕೀರ್ತನೆಗಾರ ನೇರ ಮುಖಕ್ಕೇ ಕೇಳುತ್ತಾನೆ. 3 ಮತ್ತು 4ರಲ್ಲಿ ಬೇಡಿಕೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು, ಇಲ್ಲದಿದ್ದರೆ ಸತ್ತೇನು, ವೈರಿ ಗೆದ್ದೆನೆಂದಾನು. ಆಮೇಲೆ 5ರಲ್ಲಿ ಒಂದು ‘ಆದರೆ’: ನಾನಂತೂ ನಿನ್ನ ಕೃಪೆಯನ್ನೇ ನಂಬಿದ್ದೇನೆ. 6ರಲ್ಲಿ ಹಾಡುತ್ತೇನೆ ಎನ್ನುತ್ತಾನೆ. 4ಕ್ಕೂ 5ಕ್ಕೂ ನಡುವೆ ಪರಿಸ್ಥಿತಿ ಬದಲಾಯಿತೆಂದು ಎಲ್ಲೂ ಹೇಳಿಲ್ಲ. ವೈರಿ ಇನ್ನೂ ಅಲ್ಲೇ ಇದ್ದಾನೆ.

ಇದನ್ನೇ ಅಚ್ಚಾಗಿಟ್ಟುಕೊಂಡು ನಿಮ್ಮದನ್ನು ಬರೆಯಿರಿ. ಕರೆಯುವುದು, ದೂರುವುದು, ಬೇಡುವುದು, ನಂಬಿಕೆ ಹೇಳುವುದು ಎಂಬ ನಾಲ್ಕು ತುಂಡು. ಒಂದೊಂದಕ್ಕೆ ಎರಡು ಮೂರು ಸಾಲು ಸಾಕು. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ದೂರನ್ನು ನಯ ಮಾಡಿ ಬರೆಯುವುದು. ‘ಸ್ವಲ್ಪ ಕಷ್ಟವಾಗಿದೆ ಸ್ವಾಮಿ’ ಎಂಬುದು ದೂರಲ್ಲ, ಅರ್ಜಿ. ಏನಾಗಿದೆಯೋ ಅದನ್ನು ಹೆಸರಿಟ್ಟು ಬರೆಯಿರಿ. ಎರಡನೆಯದು, ನಾಲ್ಕನೇ ತುಂಡಿಗೆ ಅವಸರ. ಇವತ್ತು ಮೂರನೆಯದರಲ್ಲೇ ನಿಂತರೆ ನಿಲ್ಲಲಿ, ಕಾಗದ ಮಡಿಸಿಟ್ಟು ನಾಳೆ ಅಲ್ಲಿಂದಲೇ ಮುಂದುವರಿಸಿ.

ನಾಳೆಯೂ ಬರದಿದ್ದರೆ? ಅದಕ್ಕೂ ಒಂದು ಕೀರ್ತನೆಯಿದೆ. 88ನೆಯದು ‘ಆದರೆ’ ಎಂಬ ತಿರುವಿಲ್ಲದೆಯೇ ಮುಗಿಯುತ್ತದೆ. ಇಬ್ರಿಯ ಮೂಲದಲ್ಲಿ ಅದರ ಕೊನೆಯ ಪದವೇ ‘ಕತ್ತಲೆ’. ಹಾಗಿದ್ದೂ 1, 9, 13ನೇ ವಚನಗಳನ್ನು ನೋಡಿ: ಹಗಲಿರುಳು ಕೂಗುತ್ತೇನೆ, ದಿನವೆಲ್ಲ ಕೈ ಚಾಚಿದ್ದೇನೆ, ಬೆಳಿಗ್ಗೆ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ. ಏನೂ ಸಿಗದೆಯೂ ಮೂರು ಸಲ ಬಾಗಿಲು ತಟ್ಟಿದ ಕೀರ್ತನೆ ಇದು. ನಿಮ್ಮ ಒಣ ಮನಸ್ಸಿಗೆ ಈ ತಿಂಗಳು ಸ್ತುತಿಗೀತೆ ಬೇಡ, ಇದು ಇರಲಿ.

ಪ್ರಶ್ನೆ: ರಾತ್ರಿ ಚಿಂತೆಯಿಂದ ನಿದ್ದೆ ಬರುವುದಿಲ್ಲ. ಫಿಲಿಪ್ಪಿ 4:6 ಹೇಳಿಕೊಂಡರೆ, ಚಿಂತೆ ಮಾಡಬಾರದೆಂಬ ಆಜ್ಞೆ ಮೀರಿದೆನೆಂಬ ಇನ್ನೊಂದು ಚಿಂತೆ. ವೈದ್ಯರು ಮಾತ್ರೆ ಬರೆದಿದ್ದಾರೆ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದು ಪ್ರಾರ್ಥನಾ ಗುಂಪಿನಲ್ಲಿ ಹೇಳಿದರು.

ಕೊನೆಯದಕ್ಕೆ ಮೊದಲ ಉತ್ತರ: ಮಾತ್ರೆ ನಿಲ್ಲಿಸಬೇಡಿ. ಕೊಲೊಸ್ಸೆ 4:14ರಲ್ಲಿ ಪೌಲನು ಲೂಕನನ್ನು ಪ್ರಿಯ ವೈದ್ಯನೆಂದೇ ಕರೆಯುತ್ತಾನೆ. ತಿಮೊಥೆಯನ ಹೊಟ್ಟೆನೋವಿಗೆ ಅವನು ಹೇಳಿದ್ದು ಆ ಕಾಲದ ಮನೆಮದ್ದನ್ನು (1 ತಿಮೊಥೆಯ 5:23). ಮಾತ್ರೆಯ ಪ್ರಮಾಣ ಹೆಚ್ಚಿಸುವುದು, ಇಳಿಸುವುದು, ನಿಲ್ಲಿಸುವುದು ಬರೆದುಕೊಟ್ಟ ವೈದ್ಯರೊಡನೆ ಆಡಬೇಕಾದ ಮಾತು, ಪ್ರಾರ್ಥನಾ ಗುಂಪಿನೊಡನೆ ಅಲ್ಲ.

1 ಅರಸುಗಳು 19 ಓದಿ. ಕರ್ಮೆಲ್ ಬೆಟ್ಟದ ದೊಡ್ಡ ಜಯದ ಬೆನ್ನಿಗೇ ಪ್ರವಾದಿ ಎಲೀಯನು ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅರಣ್ಯದ ಒಂದು ಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ. ದೇವದೂತ ಬಂದು ಮಾಡಿದ್ದೇನು? ಬೋಧನೆಯಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ ಊಟ, ಜೊತೆಗೆ, ನಿನ್ನ ಶಕ್ತಿಗೆ ಮೀರಿದ ಪ್ರಯಾಣವಿದೆ ಎಂಬ ಮಾತು. ‘ಇಲ್ಲೇನು ಮಾಡುತ್ತಿದ್ದೀ’ ಎಂಬ ಪ್ರಶ್ನೆ ಬಂದದ್ದು ಎರಡು ನಿದ್ದೆ, ಎರಡು ಊಟ, 40 ದಿನದ ನಡಿಗೆ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ದೇವರು ದೇಹದಿಂದ ಶುರು ಮಾಡಿದ.

ಇನ್ನು ಫಿಲಿಪ್ಪಿ 4:6. ಚಿಂತಿಸಬೇಡಿ ಎಂದು ಬರೆದ ಕೈಯೇ 2 ಕೊರಿಂಥ 11:28ರಲ್ಲಿ ಸಭೆಗಳೆಲ್ಲದರ ಚಿಂತೆ ದಿನದಿನವೂ ನನ್ನ ಮೇಲಿದೆ ಎಂದೂ ಬರೆಯಿತು; ಗ್ರೀಕಿನಲ್ಲಿ ಎರಡೂ ಒಂದೇ ಧಾತುವಿನ ಪದಗಳು. ಹಾಗಾಗಿ ಇದು ಚಿಂತೆ ಹತ್ತಿರ ಸುಳಿದರೆ ಪಾಪ ಎಂಬ ಆಜ್ಞೆಯಲ್ಲ, ಸುಳಿದಾಗ ಅದನ್ನು ಎಲ್ಲಿಗೆ ಒಯ್ಯಬೇಕೆಂಬ ದಾರಿ. 6ನೇ ವಚನವನ್ನು ಅರ್ಧಕ್ಕೆ ಬಿಡಬೇಡಿ, 7ರಿಂದ 9ರವರೆಗೆ ಹೋಗಿ. 7ರಲ್ಲಿ ದೇವರ ಶಾಂತಿ ಹೃದಯವನ್ನು ‘ಕಾಯುವುದು’ ಎಂಬಲ್ಲಿ ಬಳಸಿದ್ದು ಪಹರೆ ಸೈನಿಕರಿಗೆ ಬಳಸುವ ಮಾತು. ಫಿಲಿಪ್ಪಿ ರೋಮನ್ನರ ವಸಾಹತು, ಪಹರೆ ಎಂದರೆ ಏನೆಂದು ಅಲ್ಲಿಯವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಬರೆದವನಂತೂ ಸ್ವತಃ ಸೆರೆಯಲ್ಲಿದ್ದ, ಕಾವಲುಗಾರರನ್ನು ಹತ್ತಿರದಿಂದ ಬಲ್ಲ.

ಮಲಗುವುದಕ್ಕೆ ಒಂದು ಗಂಟೆ ಮೊದಲು, ಹಾಸಿಗೆಯ ಮೇಲಲ್ಲ, ಮೇಜಿನ ಹತ್ತಿರ ಕುಳಿತು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಚಿಂತೆ, ಒಂದು ಸಾಲಿಗೆ ಒಂದು. ಎರಡನೆಯದರಲ್ಲಿ ಅದರ ಬಗ್ಗೆ ನಾಳೆ ನಾನು ಮಾಡಬಹುದಾದ ಒಂದು ಕೆಲಸ. ಏನೂ ಇಲ್ಲದಿದ್ದರೆ ಗೀಟು ಹಾಕಿ. ಮೂರನೆಯದರಲ್ಲಿ ಅದೇ ವಿಷಯದಲ್ಲಿ ಈಗಾಗಲೇ ಸಿಕ್ಕಿರುವ ಒಂದು ಉಪಕಾರ, ಏಕೆಂದರೆ 6ನೇ ವಚನ ಬೇಡಿಕೆಯ ಜೊತೆ ‘ಕೃತಜ್ಞತಾಸ್ತುತಿ’ಯನ್ನೂ ಸೇರಿಸಿದೆ. ಆಮೇಲೆ ಗೀಟು ಹಾಕಿದ ಸಾಲುಗಳನ್ನೇ ಒಂದೊಂದಾಗಿ ಹೆಸರು ಹೇಳಿ ದೇವರಿಗೆ ಒಪ್ಪಿಸಿ. ಹಾಳೆ ಮಡಿಸಿ ಬೈಬಲಿನೊಳಗೆ ಇಡಿ. ನಡುರಾತ್ರಿ ಎಚ್ಚರವಾದರೆ ಹೊಸ ಪ್ರಾರ್ಥನೆ ಬೇಡ, ‘ಹಾಳೆಯಲ್ಲಿದೆ’ ಎಂದರೆ ಸಾಕು. ವಾರಗಟ್ಟಲೆ ನಿದ್ದೆ ಸುಧಾರಿಸದಿದ್ದರೆ ಮತ್ತೆ ವೈದ್ಯರ ಬಳಿಗೆ ಹೋಗಿ. ಬದುಕೇ ಬೇಡವೆಂಬ ಯೋಚನೆ ಬಂದರೆ ಕಾಯದೆ ಅವತ್ತೇ ಹೋಗಿ, ಮನೆಯವರಿಗೂ ಹೇಳಿ.

ಪ್ರಶ್ನೆ: ಸ್ನೇಹಿತರ ಮಗ ತೀರಿಹೋದಾಗ ರೋಮಾಪುರ 8:28 ಹೇಳಿ ಸಂತೈಸಲು ಹೋದೆ. ಅವನ ತಾಯಿ ಎದ್ದು ಒಳಗೆ ಹೋದರು. ವಚನ ಸತ್ಯವೇ ಅಲ್ಲವೇ?

ಸತ್ಯವೇ. ಆದರೆ ಸಾವಿನ ಮನೆಯ ಜಗಲಿಯಲ್ಲಿ, ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂಬ ಮಾತು ತಾಯಿಯ ಕಿವಿಗೆ ಹೇಗೆ ಬಿತ್ತು? ಮಗ ಸತ್ತದ್ದು ಒಳ್ಳೆಯದಾಯಿತು ಎಂದು. ವಚನ ಹಾಗೆ ಹೇಳುವುದೇ ಇಲ್ಲ. ಆ ‘ಒಳ್ಳೆಯದು’ ಯಾವುದೆಂದು 29ನೇ ವಚನ ಬಿಡಿಸಿ ಹೇಳುತ್ತದೆ: ಮಗನಾದ ಕ್ರಿಸ್ತನ ಸಾರೂಪ್ಯಕ್ಕೆ ಬರುವುದು. ಅದಕ್ಕೂ ಮೊದಲು 22ರಿಂದ 26ರವರೆಗೆ ಸೃಷ್ಟಿಯೆಲ್ಲ ನರಳುತ್ತದೆ, ನಾವೂ ನರಳುತ್ತೇವೆ, ಏನು ಪ್ರಾರ್ಥಿಸಬೇಕೆಂದೇ ನಮಗೆ ಗೊತ್ತಿಲ್ಲ, ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ ಎಂದಿದೆ. ನರಳಾಟ ದಾಟದೆ 28ಕ್ಕೆ ಜಿಗಿದದ್ದೇ ಎಡವಟ್ಟು.

ಯೋಹಾನ 11 ನೋಡಿ. ಲಾಜರನನ್ನು ಸಮಾಧಿಗೆ ಹಾಕಿ ನಾಲ್ಕು ದಿನವಾಗಿದೆ. ಮಾರ್ಥಳು ಬಂದು, ಸ್ವಾಮೀ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ (21). ಸ್ವಲ್ಪ ಹೊತ್ತಿಗೆ ಅವಳ ಸಹೋದರಿ ಮರಿಯಳು ಬಂದು ಹೆಚ್ಚುಕಡಿಮೆ ಅದೇ ಮಾತು ಹೇಳುತ್ತಾಳೆ (32). ಮಾತು ಒಂದೇ, ಯೇಸು ಕೊಟ್ಟ ಉತ್ತರ ಬೇರೆ ಬೇರೆ. ಮಾರ್ಥಳ ಜೊತೆ ಪುನರುತ್ಥಾನದ ವಿಷಯ ಮಾತಾಡಿದ. ಕಾಲಿಗೆ ಬಿದ್ದು ಅಳುತ್ತಿದ್ದ ಮರಿಯಳಿಗೆ ಉಪದೇಶ ಕೊಡಲಿಲ್ಲ. ಎಲ್ಲಿಟ್ಟಿದ್ದೀರಿ ಎಂದು ಕೇಳಿದ, ಕಣ್ಣೀರು ಸುರಿಸಿದ. ಇನ್ನು ಕೆಲವೇ ಹೊತ್ತಿನಲ್ಲಿ ಎಬ್ಬಿಸಲಿದ್ದೇನೆಂದು ಗೊತ್ತಿದ್ದವನು ಅತ್ತ. ಎದುರಿಗಿರುವವರು ಮಾರ್ಥಳೋ ಮರಿಯಳೋ ಎಂದು ನೋಡದೆ ಬಾಯಿ ತೆರೆಯಬಾರದು.

ಮೊದಲ ವಾರ ಹೋದರೆ ಹೆಚ್ಚು ಹೊತ್ತು ಕೂರಬೇಡಿ, ಕಾರಣ ವಿವರಿಸಬೇಡಿ. ಯೋಬನ ಸ್ನೇಹಿತರು ಏಳು ದಿನ ನೆಲದ ಮೇಲೆ ಸುಮ್ಮನೆ ಕುಳಿತದ್ದೇ ಅವರು ಮಾಡಿದ ಒಳ್ಳೆಯ ಕೆಲಸ, ಬಾಯಿ ತೆರೆದ ಮೇಲೆ ಕೆಟ್ಟಿತು. ಕೇಳಿದರೆ ಮಾತ್ರ ಓದಿ, ಓದಿದರೂ ಕೀರ್ತನೆ 34:18ರಂಥ ಒಂದೇ ವಚನ. ಊಟ, ನೀರು, ಬಂದವರಿಗೆ ಕುರ್ಚಿ, ಮಕ್ಕಳನ್ನು ನೋಡಿಕೊಳ್ಳುವುದು, ಇವುಗಳಲ್ಲಿ ಒಂದನ್ನು ಕೇಳದೆಯೇ ವಹಿಸಿಕೊಳ್ಳಿ. ತಿಂಗಳು ಕಳೆದು, ಬಂದವರೆಲ್ಲ ಹೋದ ಮೇಲೆ ಮತ್ತೆ ಹೋಗಿ. ರೋಮಾಪುರ 8 ಅನ್ನು ಕೂತು ಓದುವ ಕಾಲ ಆಮೇಲೆ ಬರಬಹುದು, ಅದೂ 18ನೇ ವಚನದಿಂದ 39ರವರೆಗೆ ಪೂರ್ತಿ. ಆ ತಾಯಿಗೆ ಈಗ ಒಂದು ಮಾತು ಬಾಕಿಯಿದೆ: ‘ಅವತ್ತು ನಾನು ಹಾಗೆ ಹೇಳಬಾರದಿತ್ತು.’

ಪ್ರಶ್ನೆ: ಮನೆಯಲ್ಲಿ ಸಿಟ್ಟಿನಿಂದ ಕೂಗಾಡುವುದು ನನ್ನ ದುರಭ್ಯಾಸ. ಪ್ರತಿ ಸಲ ಪಶ್ಚಾತ್ತಾಪ, ಮತ್ತೆ ಅದೇ. ದೇವರ ಮುಂದೆ ಹೋಗಲು ನಾಚಿಕೆಯಾಗುತ್ತದೆ.

ಲೂಕ 22:31–32 ನಿಧಾನವಾಗಿ ಓದಿ. ಮೇಲೆ ‘ನೀವು–ನೀನು’ ಎಂದೆವಲ್ಲ, ಇಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಯೇಸು ಹೇಳುತ್ತಾನೆ: ಸೈತಾನನು ‘ನಿಮ್ಮನ್ನು’ ಗೋಧಿಯಂತೆ ಒನೆಯಬೇಕೆಂದು ಕೇಳಿದ್ದಾನೆ. ನಾನಾದರೋ ‘ನಿನ್ನ’ ನಂಬಿಕೆ ಕುಂದದಂತೆ ಬೇಡಿಕೊಂಡಿದ್ದೇನೆ. ಜರಡಿ ಎಲ್ಲರಿಗೂ, ಪ್ರಾರ್ಥನೆ ಹೆಸರು ಹಿಡಿದು ಸೀಮೋನನಿಗೆ, ಅಂದರೆ ಪೇತ್ರನಿಗೆ. ಅವನು ತನ್ನನ್ನು ಅರಿಯೆನೆಂದು ಅಲ್ಲಗಳೆಯುವ ಮುಂಚೆಯೇ ‘ತಿರುಗಿಕೊಂಡ ಮೇಲೆ’ ಏನು ಮಾಡಬೇಕೆಂದೂ ಯೇಸು ಹೇಳಿಟ್ಟ. ಪೇತ್ರನು ಇದ್ದಲು ಬೆಂಕಿಯ ಹತ್ತಿರ ನಿಂತು ಅಲ್ಲಗಳೆದ (ಯೋಹಾನ 18:18). ಸತ್ತವರೊಳಗಿಂದ ಎದ್ದು ಬಂದ ಯೇಸು ಕೆರೆಯ ದಡದಲ್ಲಿ ಇದ್ದಲು ಬೆಂಕಿ ಮಾಡಿಟ್ಟು ಕಾದ (21:9). ಇಡೀ ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ. ಬೈಗುಳವಿಲ್ಲ, ಮೀನು ರೊಟ್ಟಿ ಇತ್ತು. ಊಟವಾದ ಮೇಲೆ ಮೂರು ಸಲ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ?

ಇದು ಒಂದು ಬದಿ. ಇನ್ನೊಂದು ಬದಿಗೆ ಎಫೆಸ 4:26ರಿಂದ 32. ಕೂಗಾಡಿದ ದಿನ ದೇವರಿಗೆ ಅರಿಕೆ ಮಾಡಿ ಅಲ್ಲಿಗೇ ಮುಗಿಸಬೇಡಿ, ಯಾರ ಮೇಲೆ ಕೂಗಿದಿರೋ ಅವರ ಬಳಿ ಹೊತ್ತು ಮುಳುಗುವುದರೊಳಗೆ ಹೋಗಿ. ‘ತಪ್ಪಾಯ್ತು, ಆದರೆ ನೀನೂ…’ ಎಂದರೆ ಅದು ಕ್ಷಮೆ ಕೇಳಿದ್ದಲ್ಲ. ಎರಡು ವಾರ, ಸಿಟ್ಟು ಬಂದ ಹೊತ್ತು ಮತ್ತು ಅದಕ್ಕೆ ಮುಂಚೆ ನಡೆದದ್ದನ್ನು ಬರೆದಿಡಿ. ಹಸಿವು, ನಿದ್ದೆಗೇಡು, ಹಣದ ಮಾತು ಇಂಥ ಒಂದೋ ಎರಡೋ ಕಾರಣ ಮರುಕಳಿಸುವುದು ಕಾಣುತ್ತದೆ. ಯಾಕೋಬ 1:19ರ ‘ಮಾತಾಡುವುದರಲ್ಲಿ ನಿಧಾನ’ವನ್ನು ಆ ಒಂದು ಗಳಿಗೆಗೆ ಅನ್ವಯಿಸಿ, ದಿನವಿಡೀ ಅಲ್ಲ. ಮನೆಯವರ ಮೇಲೆ ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಇಷ್ಟು ಸಾಲದು. ಮೊದಲು ಅವರ ಸುರಕ್ಷತೆ, ಆಮೇಲೆ ನಿಮಗೆ ತಿಳಿದವರ ಸಹಾಯ.

ಪ್ರಶ್ನೆ: ವಚನ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ.

ಬಿಡಿ ವಚನ ಬಿಡಿ, ಪೂರ್ತಿ ಭಾಗ ಹಿಡಿಯಿರಿ: ಕೀರ್ತನೆ 23 (6 ವಚನ), 121 (8 ವಚನ), ಫಿಲಿಪ್ಪಿ 4:4–9. ಒಂದು ವಚನ ಮುಂದಿನದನ್ನು ತಾನೇ ಎಳೆದು ತರುತ್ತದೆ. ಎಲ್ಲಿ ತಿರುವಿದೆ ಎಂದು ಮೊದಲೇ ಗುರುತಿಸಿ. 23ರಲ್ಲಿ ಮೊದಲ ಮೂರು ವಚನ ದೇವರ ಬಗ್ಗೆ, ‘ಆತನು’ ಎಂದು. ಕತ್ತಲ ಕಣಿವೆಗೆ ಇಳಿದ ಕೂಡಲೇ, 4ರಲ್ಲಿ, ‘ನೀನು’ ಎಂದು ದೇವರ ಜೊತೆಗೇ ಮಾತು ಶುರು. ಇದು ಕಂಡಮೇಲೆ ಆ ವಚನ ಮರೆಯುವುದು ಕಷ್ಟ.

ಆರು ವಚನದ ಭಾಗವಾದರೆ ದಿನಕ್ಕೊಂದು ವಚನ, ಏಳನೇ ದಿನ ಪೂರ್ತಿ. ಯಾವಾಗಲೂ ಮೊದಲಿನಿಂದ ಶುರು ಮಾಡುವವರಿಗೆ ಆರಂಭ ಗಟ್ಟಿ, ಕೊನೆ ಜಾಳು. ಅದಕ್ಕೆ ಎರಡನೇ ವಾರ ಕೊನೆಯ ವಚನದಿಂದ ಹಿಂದಕ್ಕೆ ಬನ್ನಿ. ಕೀರ್ತನೆ 1:2ರ ‘ಧ್ಯಾನಿಸು’ ಎಂಬುದರ ಇಬ್ರಿಯ ಪದ ಯೆಶಾಯ 31:4ರಲ್ಲಿ ಬೇಟೆ ಹಿಡಿದ ಸಿಂಹದ ಗುರುಗುಟ್ಟುವಿಕೆಗೂ ಬಳಕೆಯಾಗಿದೆ. ಅಂದರೆ ತುಟಿ ಅಲುಗಬೇಕು. ಪಾತ್ರೆ ತೊಳೆಯುವಾಗ, ನಡೆಯುವಾಗ ಗೊಣಗಿಕೊಳ್ಳಿ.

ಅನುವಾದ ಒಂದನ್ನೇ ಹಿಡಿಯಿರಿ. ಒಂದರಲ್ಲಿ ‘ಯೆಹೋವ’, ಇನ್ನೊಂದರಲ್ಲಿ ‘ಸರ್ವೇಶ್ವರ’. ಒಂದರಲ್ಲಿ ‘ಕುರುಬ’, ಇನ್ನೊಂದರಲ್ಲಿ ‘ಕುರಿಗಾಹಿ’. ಅರ್ಥ ತಿಳಿಯಲು ಎರಡನ್ನೂ ಅಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು, ಬಾಯಿಪಾಠಕ್ಕೆ ಬೆರಸಿದರೆ ನಾಲಿಗೆ ತೊಡರುತ್ತದೆ.

ಪ್ರಶ್ನೆ: ದಿನಾ ಬೆಳಿಗ್ಗೆ ಇನ್ನೂರು ಜನಕ್ಕೆ ವಾಟ್ಸ್ಆ್ಯಪಿನಲ್ಲಿ ವಚನ ಕಳಿಸುತ್ತೇನೆ. ಯಾರೂ ಉತ್ತರಿಸುವುದಿಲ್ಲ. ಮುಂದುವರಿಸಲೇ?

ಇನ್ನೂರರ ಪಟ್ಟಿಯಿಂದ ನಾಳೆ ಒಬ್ಬರನ್ನು ಆರಿಸಿ. ಅವರ ಈಗಿನ ಪರಿಸ್ಥಿತಿ ನಿಮಗೆ ಗೊತ್ತಿರಬೇಕು. ಹೂವಿನ ಚಿತ್ರ ಬೇಡ. ವಚನ, ಅದರ ಕೆಳಗೆ ಅವರಿಗೇ ಇದನ್ನು ಯಾಕೆ ಕಳಿಸಿದಿರಿ ಎಂದು ನಿಮ್ಮದೇ ಮಾತಿನಲ್ಲಿ ಒಂದು ಸಾಲು, ಕೊನೆಗೆ ‘ಸಂಜೆ ಫೋನ್ ಮಾಡಲೇ?’ ಎಂಬ ಪ್ರಶ್ನೆ. ಮಾಡಿ ಎಂದರೆ ಮಾಡಿ.